ಗ್ಯಾಸ್ ಖಾಲಿಯಾಗಿರಲಿಲ್ಲ, ಧೂಳು ತುಂಬಿತ್ತು

ಹೈದರಾಬಾದಿನ ಮಾದಾಪುರದಲ್ಲಿ ಏಪ್ರಿಲ್ ಬಂತೆಂದರೆ ರಾತ್ರಿ ಹತ್ತಾದರೂ ಬಂಡೆ, ಗೋಡೆಗಳ ಕಾವು ಇಳಿಯುವುದಿಲ್ಲ. 1998ರಲ್ಲಿ ಸೈಬರ್ ಟವರ್ಸ್ ಎದ್ದಾಗಿನಿಂದ ಇಲ್ಲಿ ಬಂಡೆ ಒಡೆಯುವ, ಕಟ್ಟಡ ಕಟ್ಟುವ ಕೆಲಸ ನಿಂತದ್ದೇ ಇಲ್ಲ. ಆ ಧೂಳೆಲ್ಲ ಬಂದು ಕೂರುವ ಜಾಗಗಳಲ್ಲಿ ಕಿಟಕಿ ಎಸಿಯ ಬೆನ್ನೂ ಒಂದು.

ಕಲಬುರಗಿಯಿಂದ ಕೆಲಸಕ್ಕೆಂದು ಬಂದು ನಾನು ಹಿಡಿದ ಬಾಡಿಗೆ ಮನೆಯಲ್ಲಿ ಒಂದೂವರೆ ಟನ್ನಿನ ಹಳೆಯ ವಿಂಡೋ ಎಸಿ ಇತ್ತು. ಹೋದ ಬೇಸಿಗೆಯಲ್ಲಿ ಅದು ಬರೀ ಗಾಳಿ ಬೀಸತೊಡಗಿತು. ಬಂದ ಮೆಕ್ಯಾನಿಕ್ ಮುಂದಿನ ಜಾಲರಿಯನ್ನೂ ತೆಗೆಯದೆ "ಗ್ಯಾಸ್ ಖತಂ ಸಾರ್" ಎಂದುಬಿಟ್ಟ.

ಈ ಮಾತನ್ನು ಸುಲಭವಾಗಿ ಒಪ್ಪಬೇಡಿ. ಎಸಿಯ ಗ್ಯಾಸ್ ಪೆಟ್ರೋಲಿನಂತೆ ಉರಿದು ತೀರುವುದಿಲ್ಲ. ಮುಚ್ಚಿದ ಕೊಳವೆಗಳಲ್ಲಿ ಅದೇ ಗ್ಯಾಸ್ ವರ್ಷಗಟ್ಟಲೆ ಸುತ್ತುತ್ತದೆ. ಕಡಿಮೆಯಾಗಿದ್ದರೆ ಎಲ್ಲೋ ಸೋರಿದೆ ಎಂದೇ ಅರ್ಥ. ಸೋರಿಕೆ ಹುಡುಕಿ ಬೆಸುಗೆ ಹಾಕದೆ ತುಂಬಿಸಿದ ಗ್ಯಾಸ್ ಮತ್ತೆ ಅದೇ ದಾರಿ ಹಿಡಿಯುತ್ತದೆ.

ನಮ್ಮದಕ್ಕೆ ಆಗಿದ್ದೇ ಬೇರೆ. ಕೋಣೆಯ ಬಿಸಿಯನ್ನು ಹಿಂಬದಿಯ ಕಾಯಿಲ್ ಹೊರಗೆ ಬಿಡಬೇಕು. ಅದರ ತೆಳು ಅಲ್ಯೂಮಿನಿಯಂ ಪಟ್ಟಿಗಳ ನಡುವೆ ಧೂಳು ಗಟ್ಟಿಯಾದರೆ ಬಿಸಿ ಹೋಗಲು ದಾರಿಯಿಲ್ಲ. ಆಗ ಕಂಪ್ರೆಸರ್ ಕಾಯುತ್ತದೆ, ಅದರ ಓವರ್‌ಲೋಡ್ ಸ್ವಿಚ್ ಕರೆಂಟ್ ಕಡಿಯುತ್ತದೆ. ಫ್ಯಾನ್ ಮಾತ್ರ ತಿರುಗುತ್ತಿರುತ್ತದೆ. ತಣಿದ ಮೇಲೆ ಟಕ್ಕೆಂದು ಮತ್ತೆ ಶುರು, ಸ್ವಲ್ಪ ಹೊತ್ತಿಗೆ ಮತ್ತೆ ಬಂದ್. ಈ ಆಟ ಕಂಡರೆ ಮೊದಲು ಎಸಿಯ ಬೆನ್ನು ನೋಡಿ. ನಾವು ಪ್ಲಗ್ ಕಿತ್ತು, ಇಬ್ಬರು ಸೇರಿ ಅದನ್ನು ಚೌಕಟ್ಟಿನಿಂದ ಎಳೆದು ಬಾಲ್ಕನಿಯಲ್ಲಿಟ್ಟೆವು. ಮೋಟಾರಿಗೂ ವೈರಿಗೂ ಪ್ಲಾಸ್ಟಿಕ್ ಹೊದಿಸಿ, ಮೆತ್ತನೆಯ ಬ್ರಷ್ಷಿನಿಂದ ಪಟ್ಟಿಗಳ ಉದ್ದಕ್ಕೇ ಉಜ್ಜಿ, ಒಳಗಿನಿಂದ ಹೊರಕ್ಕೆ ನೀರು ಬಿಟ್ಟೆವು. ಇಳಿದ ಕೆಸರು ಬಂಡೆಯ ಬಣ್ಣದ್ದೇ! ಪೂರ್ತಿ ಒಣಗಿಸಿ ಕೂರಿಸಿದ ಆ ರಾತ್ರಿ ಕೋಣೆ ತಣ್ಣಗಾಯಿತು.

ಮುಂದಿನ ಕಾಯಿಲ್ ಮೇಲೆ ಮಂಜುಗಡ್ಡೆ ಕಟ್ಟಿದರೂ ಜನ ಗ್ಯಾಸನ್ನೇ ದೂರುತ್ತಾರೆ. ಗ್ಯಾಸ್ ಕಡಿಮೆಯಾದರೂ ಹಾಗಾಗುವುದುಂಟು; ಆದರೆ ಮೊದಲು ಫಿಲ್ಟರ್ ತೊಳೆದು ನೋಡಿ. ಗಾಳಿ ಸರಿಯಾಗಿ ಹಾಯದಿದ್ದರೆ ಕಾಯಿಲ್ ಮೇಲಿನ ತೇವ ಹೆಪ್ಪುಗಟ್ಟುತ್ತದೆ. ಬೇಸಿಗೆಯಲ್ಲಿ ಹದಿನೈದು ದಿನಕ್ಕೊಮ್ಮೆ ಫಿಲ್ಟರ್ ತೊಳೆಯುವುದು ಮಕ್ಕಳಿಗೂ ಕಷ್ಟದ ಕೆಲಸವಲ್ಲ. ನೀರು ಮನೆಯೊಳಗೆ ತೊಟ್ಟಿಕ್ಕಿದರೆ ಪೆಟ್ಟಿಗೆ ಒಳಬದಿಗೆ ವಾಲಿದೆಯೇ, ತಳದ ನೀರಿನ ತೂತು ಕಟ್ಟಿದೆಯೇ ನೋಡಿ. ಹಿಂಬದಿ ಕೊಂಚ ತಗ್ಗಿರಬೇಕು. ಕರೆಂಟ್ ಹೋಗಿ ಬಂದರೆ ಮೂರು ನಿಮಿಷ ಬಿಟ್ಟೇ ಎಸಿ ಹಾಕಿ. ಒಳಗಿನ ಒತ್ತಡ ಸಮವಾಗುವ ಮೊದಲೇ ಹಾಕಿದರೆ ಕಂಪ್ರೆಸರ್ ತಿರುಗಲಾರದೆ ಮುಲುಗುತ್ತದೆ.

ಎಷ್ಟು ಕಾದರೂ ಕಂಪ್ರೆಸರ್ ಗುಂಯ್ ಎಂದು ನಿಂತುಬಿಡುತ್ತಿದ್ದರೆ ಕೆಪಾಸಿಟರ್ ಹೋಗಿರಬಹುದು. ಬೆಲೆ ಕೆಲವು ನೂರು ರೂಪಾಯಿ, ಬದಲಿಸುವುದು ಐದು ನಿಮಿಷದ ಕೆಲಸ. ಹಳೆಯದರ ಮೇಲೆ ಬರೆದಷ್ಟೇ ಮೈಕ್ರೋಫ್ಯಾರಡ್ ಇರುವುದನ್ನು ಹಾಕಿಸಬೇಕು. ಹಾಗೆಂದು ನೀವೇ ಕೈ ಹಾಕಬೇಡಿ. ಪ್ಲಗ್ ಕಿತ್ತ ಮೇಲೂ ಅದರೊಳಗೆ ಕರೆಂಟ್ ಉಳಿದಿರುತ್ತದೆ, ಮುಟ್ಟಿದರೆ ಜೀವಕ್ಕೇ ಅಪಾಯ. ಬ್ರಷ್ಷು, ನೀರು, ಫಿಲ್ಟರ್ ನಿಮಗಿರಲಿ. ಕೆಪಾಸಿಟರ್, ಗ್ಯಾಸ್ ಎರಡನ್ನೂ ದಯವಿಟ್ಟು ಕೆಲಸ ಬಲ್ಲವರಿಗೇ ಬಿಡಿ.