ಪೇಟಿ (ಹಾರ್ಮೋನಿಯಂ) ಕಲಿತರೆ ಏನು ಸಿಗುತ್ತದೆ?

‘ಪರೀಕ್ಷಾ ಬಂತು, ಪೇಟಿ ಮುಚ್ಚಿಡು’ ಎನ್ನುವ ಮನೆಗಳು ಖಾನಾಪುರದ ಕಡೆ ಬಹಳ. ಸಂಗೀತದಿಂದ ಮಾರ್ಕ್ಸು ಬರುತ್ತದೆಂದು ಮಕ್ಕಳನ್ನು ಕ್ಲಾಸಿಗೆ ಅಟ್ಟುವ ಮನೆಗಳೂ ಇವೆ.

ತಪ್ಪು ಕಲ್ಪನೆ: ಸಂಗೀತದಿಂದ ಬುದ್ಧಿ ಚುರುಕಾಗುತ್ತದೆ

ಈ ನಂಬಿಕೆ ಹಬ್ಬಿದ್ದು 1993ರ ಒಂದು ಅಮೆರಿಕನ್ ಪ್ರಯೋಗದಿಂದ. 36 ಕಾಲೇಜು ವಿದ್ಯಾರ್ಥಿಗಳಿಗೆ ಹತ್ತು ನಿಮಿಷ ಮೊಜಾರ್ಟ್ ಕೇಳಿಸಿದರು. ಆಕೃತಿಗಳ ಒಗಟುಗಳನ್ನು ಅವರು ತುಸು ಚೆನ್ನಾಗಿ ಬಿಡಿಸಿದರು. ಕಾಲುಗಂಟೆಯೊಳಗೆ ಆ ಗುಣ ಇಳಿದುಹೋಯಿತು. ಅದೂ ಕೇಳಿದ್ದರ ಫಲ, ಕಲಿತದ್ದರದ್ದಲ್ಲ. ಮಾರ್ಕ್ಸಿನ ಆಸೆಗೆ ಕಲಿಸಿದರೆ, ಮಾರ್ಕ್ಸು ಏರದ ವರ್ಷ ಕ್ಲಾಸು ಬಿಡಿಸುತ್ತಾರೆ. ನನಗೆ ನೋವಾಗುವುದು ಅಲ್ಲಿ.

ತಪ್ಪು ಕಲ್ಪನೆ: ಹಾಡು ರೋಗ ವಾಸಿಮಾಡುತ್ತದೆ

ನಮ್ಮ ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದ ಗಾಯಕ ಕುಮಾರ ಗಂಧರ್ವರನ್ನೇ ಇದಕ್ಕೆ ಸಾಕ್ಷಿ ಮಾಡುವವರಿದ್ದಾರೆ. ಆದರೆ ಅವರಿಗೆ ತಗುಲಿದ್ದ ಕ್ಷಯವನ್ನು ಹಿಮ್ಮೆಟ್ಟಿಸಿದ್ದು ಸ್ಟ್ರೆಪ್ಟೊಮೈಸಿನ್ ಔಷಧಿ. ಒಂದು ಶ್ವಾಸಕೋಶ ಕೆಲಸಕ್ಕೆ ಬಾರದಾಯಿತು. ದೇವಾಸದಲ್ಲಿ ವರ್ಷಗಟ್ಟಲೆ ಹಾಡದೆ ಮಲಗಿದ್ದಾಗ ಮಾಳವದ ಜನಪದ ಹಾಡುಗಳು ಕಿವಿಗೆ ಬಿದ್ದವು. ಚೇತರಿಸಿಕೊಂಡು ಹಾಡಲು ಕೂತಾಗ, ಇದ್ದಷ್ಟು ಉಸಿರಿಗೆ ಹೊಂದುವ ಹೊಸ ಗಾಯನವನ್ನೇ ಕಟ್ಟಿಕೊಂಡರು. ಔಷಧಿ ಅವರ ಜೀವ ಉಳಿಸಿತು; ಆ ಜೀವವನ್ನು ಹೇಗೆ ಬಳಸಬೇಕೆಂಬುದನ್ನು ಸಂಗೀತ ಕಲಿಸಿತು.

ತಪ್ಪು ಕಲ್ಪನೆ: ಕಂಠ ಇಲ್ಲದವರಿಗೆ ಅಲ್ಲ

ಗಂಟಲಿನ ಚಿಕಿತ್ಸೆಯ ನಂತರ ಗಾಯಕಿ ಗಂಗೂಬಾಯಿ ಹಾನಗಲ್ಲರ ದನಿ ಗಡುಸಾಯಿತು. ಅದೇ ದನಿಯಲ್ಲಿ ದಶಕಗಳ ಕಾಲ ಹಾಡಿದರು. ಸ್ವರಭೇದ ನಿಜಕ್ಕೂ ತಿಳಿಯದವರು ತೀರಾ ವಿರಳ. ಉಳಿದವರಿಗೆ ಬೇಕಿರುವುದು ದಿನವೂ ‘ಸಾ’ ಹಚ್ಚುವ ತಾಳ್ಮೆ.

ತಪ್ಪು ಕಲ್ಪನೆ: ವೇದಿಕೆ ಏರದಿದ್ದರೆ ಕಲಿತದ್ದು ದಂಡ

ಗುಂಜಿಯಂಥ ಊರಿನ ಭಜನೆಯಲ್ಲಿ ಒಂದು ರಾತ್ರಿ ಕೂತು ನೋಡಬೇಕು. ಹೆಂಚಿನ ಮೇಲೆ ಮಳೆ ಒಂದೇ ಸಮ ಸುರಿಯುತ್ತಿರುತ್ತದೆ. ಕನ್ನಡದ ಪದ ಮುಗಿದದ್ದೇ ಮರಾಠಿ ಅಭಂಗ ಏಳುತ್ತದೆ. ಹೊಸದಾಗಿ ತಾಳ ಹಿಡಿದ ಹುಡುಗ ಹುರುಪಿನಲ್ಲಿ ಲಯ ಓಡಿಸುತ್ತಾನೆ. ಯಾರೂ ಗದರುವುದಿಲ್ಲ. ಪಖವಾಜದವರು ಎಡಗೈಯ ಪೆಟ್ಟನ್ನು ತುಸು ಭಾರವಾಗಿ ಇಡುತ್ತಾರೆ, ಅಷ್ಟೇ. ಹುಡುಗ ತನ್ನ ತಾಳದಿಂದ ಕಣ್ಣೆತ್ತಿ ಅವರ ಕೈ ನೋಡುತ್ತಾನೆ, ಕೇಳಿಸಿಕೊಳ್ಳುತ್ತಾನೆ, ನಿಧಾನಿಸುತ್ತಾನೆ. ಮುಂದಿನ ಸಮ್‌ಗೆ ಇಬ್ಬರ ಪೆಟ್ಟೂ ಒಟ್ಟಿಗೆ ಬೀಳುತ್ತದೆ.