ಸೇನೆಯ ಹಳೆಯ ಹೆಲಿಕಾಪ್ಟರ್‌ಗಳು ಮತ್ತು ಗುಬ್ಬಿಯ ಕಾರ್ಖಾನೆ

ಸೇನೆಯ ಬಳಿ ಎಷ್ಟು ವಾಹನಗಳಿವೆ ಎಂಬ ಲೆಕ್ಕದ ಜೊತೆಗೆ, ಅವು ಎಲ್ಲಿಂದ ಬಂದವು, ಎಷ್ಟು ಹಳೆಯವು, ಸವೆದವುಗಳ ಜಾಗ ಎಷ್ಟು ಬೇಗ ತುಂಬೀತು ಎಂಬುದನ್ನೂ ನೋಡಿದರೆ ಮಾತ್ರ ದೇಶದ ನಿಜವಾದ ಬಲ ತಿಳಿಯುತ್ತದೆ. ಟಿಪ್ಪುವಿನ ಅಶ್ವದಳಕ್ಕೆ ಕುದುರೆ ಸಾಕಿದ ಕುಣಿಗಲ್ ಇರುವ ತುಮಕೂರು ಜಿಲ್ಲೆಯಲ್ಲೇ, ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನ 615 ಎಕರೆಯಲ್ಲಿ ಸರ್ಕಾರಿ ವಿಮಾನ ತಯಾರಿಕಾ ಸಂಸ್ಥೆ ಎಚ್‌ಎಎಲ್ ಕಟ್ಟಿದ ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರುವರಿ 6ರಂದು ಉದ್ಘಾಟನೆಗೊಂಡಿತು.

ಈ ಕಾರ್ಖಾನೆಯ ಅಗತ್ಯವನ್ನು ತಿಳಿಯಲು ಸೇನೆ ಬಳಸುವ ಚೇತಕ್ ಮತ್ತು ಚೀತಾ ಹೆಲಿಕಾಪ್ಟರ್‌ಗಳ ವಯಸ್ಸನ್ನು ಗಮನಿಸಬೇಕು. ಇವೆರಡೂ ಫ್ರೆಂಚ್ ವಿನ್ಯಾಸಗಳಾಗಿದ್ದು, ಪರವಾನಗಿ ಪಡೆದು, ಅಂದರೆ ಮೂಲ ಕಂಪನಿಯ ನಕ್ಷೆ ಮತ್ತು ಒಪ್ಪಿಗೆಯೊಂದಿಗೆ, ಎಚ್‌ಎಎಲ್ ಇವುಗಳನ್ನು ಭಾರತದಲ್ಲಿ ತಯಾರಿಸಿತು. ಚೇತಕ್‌ನ ಮೂಲರೂಪ ಮೊದಲು ಹಾರಿದ್ದು 1959ರಲ್ಲಿ, ಚೀತಾದ್ದು 1969ರಲ್ಲಿ. ಆದ್ದರಿಂದ ಇವುಗಳಲ್ಲಿ ತಡವಾಗಿ ತಯಾರಾದ ಯಂತ್ರವೂ ವಿನ್ಯಾಸದ ದೃಷ್ಟಿಯಿಂದ ಅರ್ಧ ಶತಮಾನ ದಾಟಿದ್ದೇ. ಆದರೂ ಸೇನೆ ಇವುಗಳನ್ನು ಬಿಡಲಾರದೆ ಉಳಿಸಿಕೊಂಡದ್ದಕ್ಕೆ ಬಲವಾದ ಕಾರಣವಿದೆ. ಇದೇ ಜಿಲ್ಲೆಯ ದೇವರಾಯನದುರ್ಗ ಬೆಟ್ಟದ ನೆತ್ತಿ ಸುಮಾರು 1,200 ಮೀಟರ್ ಎತ್ತರದಲ್ಲಿದ್ದರೆ, ಸಿಯಾಚಿನ್‌ನ ಕೆಲವು ಠಾಣೆಗಳು ಅದರ ಐದು ಪಟ್ಟು ಎತ್ತರದಲ್ಲಿವೆ. ಅಲ್ಲಿನ ತೆಳುವಾದ ಗಾಳಿಯಲ್ಲಿ ರೆಕ್ಕೆಗೂ ಎಂಜಿನ್‌ಗೂ ಬಲ ಕುಗ್ಗುವುದರಿಂದ ಭಾರವಾದ ಯಂತ್ರಗಳು ಸೋಲುತ್ತವೆ. ಹಗುರವಾದ ಚೀತಾದ ಮೂಲ ಮಾದರಿಯಾದ ಲಾಮಾ 1972ರಲ್ಲಿ 12,442 ಮೀಟರ್ ಏರಿ ವಿಶ್ವದಾಖಲೆ ಬರೆದಿತ್ತು. ಹೀಗೆ ದಶಕಗಳ ಕಾಲ ಮಂಜಿನ ಠಾಣೆಗಳಿಗೆ ಆಹಾರ ಹೊತ್ತು, ಗಾಯಾಳುಗಳನ್ನು ಇಳಿಸಿ ತಂದ ಈ ಯಂತ್ರಗಳ ಋಣ ದೊಡ್ಡದು. ಆದರೆ ಇಷ್ಟು ಹಳೆಯದಾದ ಅವುಗಳನ್ನು ಇನ್ನೂ ದುಡಿಸುತ್ತಿರುವುದು ಅವುಗಳ ಪೈಲಟ್‌ಗಳಿಗೆ ಮಾಡುವ ಅನ್ಯಾಯವೆಂದೇ ಹೇಳಬೇಕು.

ಇವುಗಳ ಜಾಗಕ್ಕೆ ಬರಬೇಕಾದದ್ದು, 2016ರ ಸೆಪ್ಟೆಂಬರ್‌ನಲ್ಲಿ ಮೊದಲ ಬಾರಿ ಹಾರಿದ, ಮೂರು ಟನ್ ವರ್ಗದ ಎಲ್‌ಯುಎಚ್ ಎಂಬ ಲಘು ಹೆಲಿಕಾಪ್ಟರ್. ಸೇನೆ ಮತ್ತು ವಾಯುಪಡೆಗೆ ಒಟ್ಟು 187 ಬೇಕೆಂಬ ಅಂದಾಜಿದೆ. ಗುಬ್ಬಿಯಲ್ಲಿ ಆರಂಭದ ಗುರಿ ವರ್ಷಕ್ಕೆ 30 ಆದ್ದರಿಂದ, ಗುರಿ ತಪ್ಪದಿದ್ದರೂ ಅದೇ ವೇಗದಲ್ಲಿ ಆರು ವರ್ಷಕ್ಕೂ ಹೆಚ್ಚು ಹಿಡಿಯುತ್ತದೆ. ಉತ್ಪಾದನೆಯನ್ನು ಹಂತಹಂತವಾಗಿ ವರ್ಷಕ್ಕೆ 60, ಬಳಿಕ 90ಕ್ಕೆ ಏರಿಸುವ ಯೋಜನೆಯೂ ಇದೆ. ಇನ್ನು ಮೂಲದ ಪ್ರಶ್ನೆ ಪೂರ್ತಿ ಮುಗಿದಿಲ್ಲ: ಎಲ್‌ಯುಎಚ್‌ನ ವಿನ್ಯಾಸ ಭಾರತದ್ದಾದರೂ ಅದರ ‘ಶಕ್ತಿ’ ಎಂಬ ಎಂಜಿನ್ ಎಚ್‌ಎಎಲ್ ಫ್ರೆಂಚ್ ಕಂಪನಿಯೊಂದಿಗೆ ಸೇರಿ ರೂಪಿಸಿದ್ದು, ಆದ್ದರಿಂದ ಗುಬ್ಬಿಯಲ್ಲಿ ಜೋಡಣೆಯಾದ ಯಂತ್ರಕ್ಕೂ ಬಿಡಿಭಾಗಗಳ ಒಂದು ದಾರಿ ಹೊರದೇಶಕ್ಕೆ ಹೋಗುತ್ತದೆ.