ಕಂಪ್ಯೂಟರಿನಿಂದ ಫೋನಿಗೆ ಮಾತು ಹೇಗೆ ಬರುತ್ತೆ?

ಅಕ್ಕಂದಿರೇ, ಮಗಳು ಅಮೆರಿಕದಲ್ಲಿ ಕಂಪ್ಯೂಟರ್ ಮುಂದೆ ಕೂತು ನಂಬರು ಒತ್ತುತ್ತಾಳೆ. ಇಲ್ಲಿ ಅಮ್ಮನ ಮನೆಯ ಫೋನು ಟ್ರಿಣ್ ಟ್ರಿಣ್ ಅನ್ನುತ್ತೆ. ಅಮ್ಮನ ಹತ್ತಿರ ಕಂಪ್ಯೂಟರ್ ಇಲ್ಲ. ಆದರೂ ಮಗಳ ಮಾತು ಕೇಳುತ್ತೆ. ಹೇಗೆ?

ಹಳೇ ಫೋನಿನ ರೀತಿ ಹೀಗಿತ್ತು. ಇಬ್ಬರು ಮಾತಾಡುವಷ್ಟು ಹೊತ್ತೂ ಒಂದು ದಾರಿ ಅವರಿಗೇ ಮೀಸಲು. ಅವರು ಸುಮ್ಮನಿದ್ದರೂ ಆ ದಾರಿ ಬೇರೆಯವರಿಗೆ ಸಿಗೋದಿಲ್ಲ. ಹೊರದೇಶದ ಮಾತಿಗೆ ದುಡ್ಡು ಜಾಸ್ತಿಯಾಗಲು ಇದೂ ಒಂದು ಕಾರಣ.

ಕಂಪ್ಯೂಟರ್ ಹಾಗಲ್ಲ. ಅದು ಮಾತನ್ನು ಅಂಕಿಗಳಾಗಿ ಬದಲಿಸಿ ಚೂರು ಚೂರು ಮಾಡುತ್ತೆ. ಸಾಮಾನ್ಯವಾಗಿ ಒಂದು ಸೆಕೆಂಡಿನ ಮಾತಿಗೆ 50 ಚೂರು. ಪ್ರತಿ ಚೂರಿಗೂ ವಿಳಾಸ, ಸಾಲಿನ ನಂಬರು ಬರೆಯುತ್ತೆ. ಈ ಚೂರುಗಳು ಇಂಟರ್‌ನೆಟ್ ಎಂಬ ಜಾಲದಲ್ಲಿ, ಬೇರೆಯವರ ಚೂರುಗಳ ಜೊತೆಗೇ ಓಡುತ್ತವೆ.

ಹಿಂದೆ ರೈಲಿನಲ್ಲಿ ಏನಿತ್ತು, ನೆನಪಿದೆಯಾ? ಬ್ರಾಡ್ ಗೇಜ್ ಹಳಿ ಮುಗಿದು ಮೀಟರ್ ಗೇಜ್ ಶುರುವಾಗುವ ಕಡೆ ಮೂಟೆ ಇಳಿಸಿ ಇನ್ನೊಂದು ರೈಲಿಗೆ ಹೇರಬೇಕಿತ್ತು. ಇಲ್ಲೂ ಅಂಥ ಒಂದು ಜಾಗ ಇದೆ. ಅದು ಒಂದು ಯಂತ್ರ. ಹೆಸರು ಗೇಟ್‌ವೇ. ಅದು ಚೂರುಗಳನ್ನು ಸಾಲಾಗಿ ಜೋಡಿಸಿ ಫೋನಿನ ದಾರಿಗೆ ಹತ್ತಿಸುತ್ತೆ. ಅಮ್ಮ "ಊಟ ಆಯ್ತಾ ಮಗಾ?" ಅಂದರೆ ಅದನ್ನು ಚೂರು ಮಾಡಿ ಆ ಕಡೆ ಕಳಿಸುತ್ತೆ. ಚೂರು ತಡವಾಗಿ ಬಂದರೆ ಮಾತು ಕಡಿದು ಕಡಿದು ಕೇಳುತ್ತೆ.

ಆದರೆ ಒಂದು ಕಂಪನಿಯ ಯಂತ್ರ ಮಾಡಿದ ಚೂರು ಇನ್ನೊಂದು ಕಂಪನಿಯ ಯಂತ್ರಕ್ಕೆ ತಿಳಿಯಬೇಕಲ್ಲ? ಅಂಗಡಿಗೊಂದು ಅಳತೆಯ ಸೇರು ಇದ್ದರೆ ಸಂತೆ ನಡೆದೀತೇ? ಅದಕ್ಕೇ ಎಲ್ಲರಿಗೂ ಒಂದೇ ನಿಯಮ ಬೇಕಾಯಿತು. 1996ರಲ್ಲಿ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ 'ಎಚ್.323' ಎಂಬ ನಿಯಮ ಮಾಡಿತು. 1999ರಲ್ಲಿ 'ಸಿಪ್' ಎಂಬ ಇನ್ನೊಂದು ಬಂತು. ಸಿಪ್ ಸರಳ. ಅದೇ ಹೆಚ್ಚು ಬಳಕೆಗೆ ಬಂತು. ಫೋನು ಬಡಿಯಿತು, ಎತ್ತಿದರು, ಇಟ್ಟರು ಅನ್ನೋದನ್ನು ಒಂದು ಯಂತ್ರ ಇನ್ನೊಂದಕ್ಕೆ ಹೇಗೆ ತಿಳಿಸಬೇಕು ಎಂದು ಈ ನಿಯಮಗಳಲ್ಲಿದೆ.

ಒಂದು ತೊಂದರೆಯೂ ಇದೆ. ಕರೆ ಯಾವ ನಂಬರಿನಿಂದ ಬಂತು ಎಂದು ಬರೆದು ಕಳಿಸೋದು ಆ ಕಡೆಯ ಯಂತ್ರ. ಮೋಸಗಾರರು ಅಲ್ಲಿ ಸುಳ್ಳು ನಂಬರು ಬರೆಯುತ್ತಾರೆ. ಕರೆ ಹೊರದೇಶದ್ದು, ಕಾಣುವ ನಂಬರು ನಮ್ಮ ದೇಶದ್ದು! ಇಂಥ ಕರೆ ತಡೆಯಲು 2024ರ ಅಕ್ಟೋಬರಿನಲ್ಲಿ ಸರ್ಕಾರ ಒಂದು ವ್ಯವಸ್ಥೆ ತಂದಿತು. ಮೊದಲ 24 ಗಂಟೆಯಲ್ಲೇ ಸುಮಾರು 1 ಕೋಟಿ 35 ಲಕ್ಷ ಕರೆಗಳು ಸಿಕ್ಕಿಬಿದ್ದವು. ಅಬ್ಬಾ, ಎಷ್ಟೊಂದು!

ಹಾಗಾಗಿ ನಂಬರು ನೋಡಿಯೇ ನಂಬಬೇಡಿ. "ಬ್ಯಾಂಕಿನವರು ಮಾತಾಡ್ತಿದ್ದೀವಿ, ಓಟಿಪಿ ಹೇಳಿ" ಅಂದರೆ ಫೋನ್ ಇಟ್ಟುಬಿಡಿ. ಪಾಸ್‌ಬುಕ್ ತೆಗೆದು, ಅದರಲ್ಲಿರುವ ನಂಬರು ಓದಿ, ನೀವೇ ಫೋನ್ ಮಾಡಿ ಕೇಳಿ. ಇಲ್ಲವೇ ಬ್ಯಾಂಕಿಗೇ ಹೋಗಿ ಬನ್ನಿ.